ಹಳೆಯ ಕಾರು: ಕೊಳ್ಳುವ ಮುನ್ನ ಎಂಜಿನ್ನಿಗೆ ಕಿವಿಗೊಡಿರಿ

ಮುಂಬೈಯಂಥ ಮಹಾನಗರದಲ್ಲಿ ನೆಲೆಸಿದ ಮಧ್ಯಮ ವರ್ಗದ ಕನ್ನಡಿಗ ಕುಟುಂಬಕ್ಕೆ ಸ್ವಂತ ವಾಹನವು ಕಚೇರಿಯ ಓಡಾಟಕ್ಕಿಂತ ಹೆಚ್ಚಾಗಿ ಬೇರೆ ಪ್ರಯೋಜನಗಳಿಗೆ ಬೇಕಾಗುತ್ತದೆ. ಕಚೇರಿಗೆ ಲೋಕಲ್ ಗಾಡಿ ಇದ್ದೇ ಇದೆ. ವೃದ್ಧ ತಂದೆತಾಯಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು, ಮಳೆಗಾಲದ ರಾತ್ರಿ ಮದುವೆಮನೆಯಿಂದ ಮಕ್ಕಳೊಡನೆ ಹಿಂದಿರುಗಲು, ವರ್ಷಕ್ಕೊಮ್ಮೆ ಪುಣೆ, ಸಾತಾರಾ, ಕೊಲ್ಹಾಪುರಗಳ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಹೋಗಿಬರಲು ಮನೆಯದೇ ಆದ ಒಂದು ಗಾಡಿ ಇದ್ದರೆ ಅನುಕೂಲ. ಇಷ್ಟಕ್ಕಾಗಿ ಹೊಸ ಕಾರಿನ ಸಾಲದ ಕಂತನ್ನು ಐದೋ ಏಳೋ ವರ್ಷ ಹೊರುವುದಕ್ಕಿಂತ, ಹತ್ತು ಹನ್ನೆರಡು ವರ್ಷ ಓಡಿದ ವ್ಯಾಗನ್‌ಆರ್, ಆಲ್ಟೋ ಅಥವಾ ಸ್ಯಾಂಟ್ರೋ ಒಂದನ್ನು ಉಳಿತಾಯದ ಹಣದಲ್ಲಿ ಕೊಳ್ಳುವುದು ವಿವೇಕವೇ ಸರಿ.

ಆದರೆ ಕೊಳ್ಳುವ ಕ್ರಮದಲ್ಲಿ ಅದೇ ವಿವೇಕ ಕಾಣುವುದು ಅಪರೂಪ. ಬಣ್ಣವನ್ನು ನೋಡುತ್ತಾರೆ, ಸೀಟಿನ ಹೊದಿಕೆಯನ್ನು ಸವರುತ್ತಾರೆ, ಏ.ಸಿ. ತಣ್ಣಗೆ ಬೀಸುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಓಡಿದ ಕಿಲೋಮೀಟರುಗಳ ಅಂಕಿಯನ್ನು ವೇದವಾಕ್ಯವೆಂಬಂತೆ ನಂಬುತ್ತಾರೆ. ಎಂಜಿನ್ನಿನ ವಿಷಯಕ್ಕೆ ಬಂದರೆ ‘ಒಂದೇ ಸಲಕ್ಕೆ ಚಾಲೂ ಆಯಿತಲ್ಲ’ ಎಂಬಲ್ಲಿಗೆ ಪರೀಕ್ಷೆ ಮುಗಿಯುತ್ತದೆ. ಗಾಡಿಯಲ್ಲಿ ದುರಸ್ತಿಗೆ ಅತ್ಯಂತ ದುಬಾರಿಯಾದ ಭಾಗವೇ ಎಂಜಿನ್ನು. ಅಗ್ಗದ ಗಾಡಿಯಾದರೆ ಎಂಜಿನ್ ಬಿಚ್ಚಿ ಕಟ್ಟುವ ಖರ್ಚು ಖರೀದಿಯ ಬೆಲೆಯ ದೊಡ್ಡದೊಂದು ಪಾಲನ್ನೇ ನುಂಗಬಲ್ಲದು. ಹೀಗಿದ್ದೂ ಈ ಭಾಗವು ತನ್ನ ಸ್ಥಿತಿಯನ್ನು ತಾನೇ ಸದ್ದಿನ ಮೂಲಕ ಹೇಳಿಕೊಳ್ಳುತ್ತಿರುತ್ತದೆ. ಕೇಳುವ ಕಿವಿ ಬೇಕು, ಅಷ್ಟೆ.

ದೇಹದ ಒಳಗನ್ನು ಕಿವಿಯಿಂದ ಅರಿಯುವ ವಿದ್ಯೆ ವೈದ್ಯರಿಗೆ ಹಳೆಯದು. ವಿಯೆನ್ನಾದ ವೈದ್ಯ ಔಎನ್‌ಬ್ರುಗ್ಗರ್ ಎದೆಯನ್ನು ಬೆರಳಿನಿಂದ ತಟ್ಟಿ ರೋಗವನ್ನು ಗುರುತಿಸುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದನು. ಅವನ ತಂದೆ ಗ್ರಾಜ್ ಪಟ್ಟಣದಲ್ಲಿ ಪಾನಗೃಹವನ್ನು ನಡೆಸುತ್ತಿದ್ದನೆಂದೂ, ಪೀಪಾಯಿಯನ್ನು ತಟ್ಟಿ ದ್ರವದ ಮಟ್ಟವನ್ನು ತಿಳಿಯುವ ರೂಢಿಯಿಂದಲೇ ಮಗನಿಗೆ ಈ ಯೋಚನೆ ಹೊಳೆಯಿತೆಂದೂ ಪ್ರತೀತಿ. 1816ರಲ್ಲಿ ಪ್ಯಾರಿಸ್ಸಿನ ಲಯನೆಕ್ ಕಾಗದವನ್ನು ಸುರುಳಿಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದ್ದೇ ಸ್ಟೆತಸ್ಕೋಪಿನ ಜನ್ಮ. ಕುರ್ಲಾದ ಗ್ಯಾರೇಜಿನಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುವ ಮಿಸ್ತ್ರಿಯೂ ಇದೇ ಪರಂಪರೆಗೆ ಸೇರಿದವನು. ಮಿಕ್ಸರಿನ ಬೇರಿಂಗು ಸವೆದದ್ದನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೃಹಿಣಿ ಗುರುತಿಸುತ್ತಾಳೆ. ಕಾರು ನೋಡಲು ಹೊರಟ ಗಂಡಸರು ಆಕೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ನಿಜಕ್ಕೂ ನಷ್ಟದ ಬಾಬತ್ತು.

ಮೊದಲ ನಿಯಮವೆಂದರೆ ಎಂಜಿನ್ನನ್ನು ತಣ್ಣಗಿರುವಾಗಲೇ ಕೇಳಬೇಕು. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಎಣ್ಣೆಯು ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ, ಪಿಸ್ಟನ್ನುಗಳು ಕುಗ್ಗಿರುತ್ತವೆ, ಸವೆತದ ಸಂದುಗಳು ಬಾಯ್ದೆರೆದಿರುತ್ತವೆ. ಆಗ ಚಾಲೂ ಮಾಡಿದ ಮೊದಲ ಅರ್ಧ ನಿಮಿಷದಲ್ಲಿ ಗಾಡಿ ಹೇಳುವ ಸತ್ಯವನ್ನು ಆಮೇಲೆ ಅರ್ಧ ದಿನ ಕಾದರೂ ಹೇಳಲಾರದು. ಇದನ್ನು ಬಲ್ಲ ದಲ್ಲಾಳಿಯು ಗಿರಾಕಿ ಬರುವ ಹೊತ್ತಿಗೆ ‘ಈಗತಾನೆ ತೊಳೆಸಿಕೊಂಡು ಬಂದೆ’ ಎಂದು ಕಾದ ಎಂಜಿನ್ನನ್ನೇ ಮುಂದಿಡುತ್ತಾನೆ. ಆದುದರಿಂದ ಮಾತಿಗೆ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು. ಬಿಸಿಯಿದ್ದರೆ ಮರುದಿನ ಬೆಳಿಗ್ಗೆ, ಹೇಳದೆಯೇ ಸ್ವಲ್ಪ ಬೇಗ ಬರುವುದು ಲೇಸು. ರೇಡಿಯೋ, ಏ.ಸಿ. ಎರಡನ್ನೂ ಆರಿಸಿಡಬೇಕು.

ಕೀಲಿಯನ್ನು ಅರ್ಧ ತಿರುಗಿಸಿದಾಗ ಎಣ್ಣೆಯ ಕುಡಿಕೆಯಂಥ ಚಿಹ್ನೆಯ ಕೆಂಪು ದೀಪ ಹೊತ್ತಬೇಕು. ಎಂಜಿನ್ ಚಾಲೂ ಆದ ಒಂದೆರಡು ಕ್ಷಣಗಳಲ್ಲಿ ಆರಬೇಕು. ಹೊತ್ತದೇ ಇದ್ದರೆ ಅದು ಆರೋಗ್ಯದ ಲಕ್ಷಣವಲ್ಲ, ಬಲ್ಬನ್ನು ಕಿತ್ತಿರಬಹುದು. ಎಂಜಿನ್ ಕಾದ ಮೇಲೆ, ನಿಂತಲ್ಲೇ ನಿಧಾನವಾಗಿ ತಿರುಗುವಾಗ ಈ ದೀಪ ಮಿಣುಕಿದರೆ ಎಣ್ಣೆಯ ಒತ್ತಡ ಕುಸಿದಿರುವ ಸಂಭವ ಉಂಟು. ಅದರ ಕಾರಣ ಗೊತ್ತಾಗುವವರೆಗೆ ಮಾತುಕತೆಯನ್ನು ಮುಂದುವರಿಸುವುದು ಬೇಡ.

ಇನ್ನು ಸದ್ದುಗಳು. ಸಾಮಾನ್ಯ ಗಿರಾಕಿಯನ್ನು ಹೆದರಿಸುವ ಸದ್ದುಗಳು ಬಹುಮಟ್ಟಿಗೆ ಅಗ್ಗದವು. ಅವನ ಕಿವಿಗೆ ಬೀಳದೇ ಹೋಗುವ ಸದ್ದುಗಳೇ ದುಬಾರಿಯವು. ಚಾಲೂ ಮಾಡಿದೊಡನೆ ಕಿರ್ರೆಂದು ಬೀದಿಗೆಲ್ಲ ಕೇಳುವಂತೆ ಅರಚುವುದು ಸಾಮಾನ್ಯವಾಗಿ ಸಡಿಲಗೊಂಡ ಅಥವಾ ಬಿರುಸಾದ ಫ್ಯಾನ್ ಬೆಲ್ಟು. ಮಿಸ್ತ್ರಿಯು ಓಡುತ್ತಿರುವ ಬೆಲ್ಟಿನ ಮೇಲೆ ದೂರದಿಂದ ನಾಲ್ಕು ಹನಿ ನೀರು ಚಿಮುಕಿಸಿದಾಗ ಅರಚಾಟವು ಕ್ಷಣಕಾಲ ಬದಲಾದರೆ ಅಪರಾಧಿ ಸಿಕ್ಕಂತೆಯೇ. ಬೆಲ್ಟಿನ ಬೆಲೆ ಕೆಲವು ನೂರು ರೂಪಾಯಿಗಳದು. ಗರ್ರೆಂದು ಒಂದೇ ಸಮನೆ ಬರುವ ಸದ್ದು ಆಲ್ಟರ್ನೇಟರಿನ ಅಥವಾ ವಾಟರ್ ಪಂಪಿನ ಬೇರಿಂಗಿನದಾಗಿರಬಹುದು. ಪಂಪಿನದಾದರೆ ಉಪೇಕ್ಷೆ ಸಲ್ಲದು, ಏಕೆಂದರೆ ಪಂಪು ಕೈಕೊಟ್ಟರೆ ಎಂಜಿನ್ನು ಕುದಿಯುತ್ತದೆ. ಆದರೂ ಇವೆಲ್ಲ ಬದಲಿಸಬಹುದಾದ ಬಿಡಿಭಾಗಗಳು. ಬೆಲೆಯಲ್ಲಿ ಕಳೆಯಬಹುದಾದ ಬಾಬುಗಳು.

ಮೇಲ್ಭಾಗದಿಂದ ಬರುವ ಟಿಕ್-ಟಿಕ್ ಎಂಬ ಹಗುರವಾದ ಸದ್ದು ಟ್ಯಾಪೆಟ್ಟಿನದು. ಇದರಲ್ಲೊಂದು ಸ್ವಾರಸ್ಯಕರ ಲೆಕ್ಕವಿದೆ. ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವು ಎಂಜಿನ್ನಿನ ಅರ್ಧ ವೇಗದಲ್ಲಿ ಮಾತ್ರ ತಿರುಗುತ್ತದೆ. ನಿಂತ ಗಾಡಿಯ ಎಂಜಿನ್ನು ನಿಮಿಷಕ್ಕೆ 900 ಸುತ್ತು ತಿರುಗಿದರೆ ಒಂದು ಕವಾಟ ತಟ್ಟುವುದು 450 ಸಲ, ಎಂದರೆ ಸೆಕೆಂಡಿಗೆ ಏಳೆಂಟು ಸಲ. ಎಂಜಿನ್ನಿನ ವೇಗಕ್ಕಿಂತ ಒಂದು ತಾಳ ನಿಧಾನವಾಗಿ, ಹೊಲಿಗೆ ಯಂತ್ರದಂತೆ ಕೇಳುವ ಸದ್ದು ಕವಾಟಗಳ ಕಡೆಯದೆಂದು ಸಾಧಾರಣವಾಗಿ ಹೇಳಬಹುದು. 2023ರ ಅಕ್ಟೋಬರಿನಲ್ಲಿ ಮುಂಬೈಯ ಬೀದಿಗಳಿಂದ ಕಡೆಯದಾಗಿ ಮರೆಯಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕುಳಿತವರಿಗೆ ಈ ಸಂಗೀತ ಚಿರಪರಿಚಿತ. ಟ್ಯಾಪೆಟ್ ಸೆಟ್ಟಿಂಗ್ ಸಣ್ಣ ಕೆಲಸ. ಇಂಜೆಕ್ಟರುಳ್ಳ ಗಾಡಿಗಳಲ್ಲಿ ಇಂಜೆಕ್ಟರುಗಳೂ ಮೆಲ್ಲನೆ ಟಿಕ್‌ಗುಟ್ಟುತ್ತವೆ; ಅದು ದೋಷವೇ ಅಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ ಸಲ್ಲುತ್ತದೆ. ಟ್ಯಾಪೆಟ್ ಸದ್ದು ಎಷ್ಟೂ ಇಲ್ಲದಿರುವುದನ್ನು ಸದಾ ಶುಭವೆಂದು ತಿಳಿಯಲಾಗದು. ಮಹಾನಗರಗಳಲ್ಲಿ ಮಾರಾಟಕ್ಕೆ ಬರುವ ಅನೇಕ ಅಗ್ಗದ ಕಾರುಗಳು ಸಿ.ಎನ್.ಜಿ. ಅನಿಲದಲ್ಲಿ ಓಡಿದವು. ಅನಿಲವು ಒಣ ಇಂಧನ. ಅದರಲ್ಲಿ ಬಹುಕಾಲ ಓಡಿದಾಗ ಕವಾಟದ ಪೀಠ ಸವೆದು ಕವಾಟವು ಮೇಲಕ್ಕೆ ಸರಿಯುತ್ತದೆ, ಟ್ಯಾಪೆಟ್ಟಿನ ಸಂದು ಕಿರಿದಾಗುತ್ತದೆ, ಸದ್ದು ಅಡಗುತ್ತದೆ. ಸಂದು ಪೂರ್ತಿ ಮುಚ್ಚಿದರೆ ಕವಾಟ ಸರಿಯಾಗಿ ಕೂರದೆ ಸುಟ್ಟುಹೋಗುತ್ತದೆ. ಹೀಗಾಗಿ ಸಂದನ್ನು ಕೈಯಿಂದ ಹೊಂದಿಸುವ ಬಗೆಯ ಅನಿಲದ ಗಾಡಿಯಲ್ಲಿ ಅತಿಯಾದ ಮೌನವೂ ಪ್ರಶ್ನಾರ್ಹವೇ. ಸಿಲಿಂಡರುಗಳ ಕಂಪ್ರೆಶನ್ ಅಳೆಯಿಸಿ ನೋಡುವುದೇ ಅಲ್ಲಿ ಉತ್ತರ. ಅನಿಲದ ತೊಟ್ಟಿಯ ಮೂರು ವರ್ಷಕ್ಕೊಮ್ಮೆಯ ಪರೀಕ್ಷೆಯ ಪತ್ರವನ್ನೂ ಆಗಲೇ ಕೇಳಬೇಕು.

ಕಾವಿನೊಡನೆ ಸದ್ದು ಬದಲಾಗುವ ರೀತಿ ಬಹು ಮುಖ್ಯ. ತಣ್ಣಗಿದ್ದಾಗ ಟೊಳ್ಳಾಗಿ ಕಟಕಟಿಸಿ, ಎಂಜಿನ್ ಕಾದಂತೆ ಕರಗಿಹೋಗುವ ಸದ್ದು ಪಿಸ್ಟನ್ನಿನದಾಗಿರಬಹುದು. ಅಲ್ಯೂಮಿನಿಯಮ್ಮಿನ ಪಿಸ್ಟನ್ನು ಕಾದು ಹಿಗ್ಗಿ ಸಂದನ್ನು ತುಂಬುತ್ತದೆ. ಇದು ವಯಸ್ಸಿನ ಗುರುತು. ಹೊಗೆ ನೀಲಿಯಾಗಿಲ್ಲದಿದ್ದರೆ ಇಂಥ ಗಾಡಿಗಳು ಇನ್ನೂ ಕೆಲವು ವರ್ಷ ಓಡುತ್ತವೆ. 2010ರಿಂದೀಚಿನ ಕೆ ಸರಣಿಯ ಎಂಜಿನ್ನಿರುವ ವ್ಯಾಗನ್‌ಆರ್‌ಗಳಲ್ಲಿ ಬೆಲ್ಟಿನ ಬದಲು ಟೈಮಿಂಗ್ ಚೈನ್ ಇದೆ. ಬೆಳಗಿನ ಮೊದಲ ಕ್ಷಣಗಳಲ್ಲಿ ಮುಂಭಾಗದ ಮುಚ್ಚಳದೊಳಗೆ ಸರಪಳಿಯನ್ನು ಎಳೆದಾಡಿದಂತೆ ಝಲ್ಲೆಂದರೆ ಚೈನು, ಅದರ ಬಿಗಿಕ ಸವೆದಿವೆಯೆಂದು ಶಂಕಿಸಬೇಕು. ಇದು ಸಣ್ಣ ಖರ್ಚಿನದಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಕಾದ ಮೇಲೆ ಹುಟ್ಟುವ ಸದ್ದು ನಿಜವಾದ ಶತ್ರು. ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಾಗ ಎಂಜಿನ್ನಿನ ಕೆಳಭಾಗದಿಂದ, ಗೋಡೆಯಾಚೆ ಯಾರೋ ಒನಕೆಯಿಂದ ಕುಟ್ಟಿದಂತೆ, ದಪ್ಪನೆಯ ಡಕ್-ಡಕ್ ಕೇಳುತ್ತದೆ. ತಣ್ಣಗಿರುವಾಗ ಎಣ್ಣೆ ಮಂದವಾಗಿದ್ದು ಆ ಸಂದನ್ನು ಮರೆಸುತ್ತದೆ. ಕಾದು ತೆಳುವಾದೊಡನೆ ಸದ್ದು ಹೊರಬೀಳುತ್ತದೆ. ಆದುದರಿಂದ ಇಪ್ಪತ್ತು ಮೂವತ್ತು ನಿಮಿಷ ಓಡಿಸಿದ ಬಳಿಕ, ಗಾಡಿ ನಿಲ್ಲಿಸಿ ಆಕ್ಸಿಲರೇಟರನ್ನು ಮೆಲ್ಲನೆ ಒತ್ತಿ 2,500 ಸುತ್ತಿನವರೆಗೆ ಏರಿಸಿ ಥಟ್ಟನೆ ಬಿಡಬೇಕು. ವೇಗ ಇಳಿಯುವ ಆ ಗಳಿಗೆಯಲ್ಲಿ ಕುಟ್ಟುವಿಕೆ ಸ್ಪಷ್ಟವಾಗುತ್ತದೆ. ಬಲ್ಲ ಮಿಸ್ತ್ರಿ ಒಂದೊಂದೇ ಸಿಲಿಂಡರಿನ ಉರಿಯನ್ನು ತಡೆದು, ಯಾವುದನ್ನು ತಡೆದಾಗ ಸದ್ದು ತಗ್ಗುತ್ತದೆಂದು ನೋಡಿ ಜಾಗವನ್ನೂ ಹೇಳಿಬಿಡುತ್ತಾನೆ. ಈ ಸದ್ದಿಗೆ ಔಷಧವಿಲ್ಲ, ಶಸ್ತ್ರಚಿಕಿತ್ಸೆಯೇ ಗತಿ. ಕ್ರ್ಯಾಂಕ್ ಉಜ್ಜಿಸಿ ಹೊಸ ಬೇರಿಂಗ್ ಹಾಕಬೇಕು. ಅಸಡ್ಡೆ ಮಾಡಿದರೆ ಖಂಬಾಟ್ಕಿ ಘಾಟದ ಏರಿನ ಮಧ್ಯದಲ್ಲಿ ರಾಡು ಮುರಿದು ಎಂಜಿನ್ನಿನ ಹೊಟ್ಟೆಯನ್ನೇ ಸೀಳಬಹುದು.

ಮೌನವನ್ನು ಕೊಂಡುತರಬಹುದೆಂಬುದೇ ಈ ವ್ಯಾಪಾರದ ಗುಟ್ಟು. ನಿಗದಿಯಾದ ತೆಳು ಎಣ್ಣೆಯನ್ನು ಬಸಿದು ಮಂದವಾದ ಎಣ್ಣೆ ತುಂಬಿದರೆ, ಇಲ್ಲವೆ ಅಂಗಡಿಯಲ್ಲಿ ಸಿಗುವ ಅಂಟು ದ್ರವವೊಂದನ್ನು ಬೆರೆಸಿದರೆ, ಸವೆದ ಬೇರಿಂಗು ಮಾರಾಟ ಮುಗಿಯುವವರೆಗೆ ಸುಮ್ಮನಿರುತ್ತದೆ. ಡಿಪ್‌ಸ್ಟಿಕ್ಕನ್ನು ಎಳೆದು ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿದರೆ ಜೇನಿನಂತೆ ಎಳೆಯಾಗುವುದು ಸಂಶಯಕ್ಕೆ ಆಸ್ಪದ. ಹಳೆಯ ಗಾಡಿಯಲ್ಲಿ ಥಳಥಳಿಸುವ ಹೊಸ ಎಣ್ಣೆಯನ್ನು ಕಂಡರೆ ಏಕೆ, ಯಾವಾಗ ಬದಲಿಸಿದಿರೆಂದು ವಿಚಾರಿಸುವುದು ತಪ್ಪಲ್ಲ.

ಇನ್ನೊಂದು ಸದ್ದು ಹಣಕ್ಕಲ್ಲ, ಪ್ರಾಣಕ್ಕೇ ಸಂಬಂಧಿಸಿದ್ದು. ಅದು ಟ್ಯಾಪೆಟ್ಟಿನ ವೇಷದಲ್ಲಿ ಬರುತ್ತದೆ. ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಮ್ಯಾನಿಫೋಲ್ಡು ಬಿರುಕುಬಿಟ್ಟಾಗ, ಅಥವಾ ಅದರ ಗ್ಯಾಸ್ಕೆಟ್ ಸುಟ್ಟಾಗ, ಪ್ರತಿಯೊಂದು ಉಸಿರಿಗೂ ಚಟ್-ಚಟ್ ಎಂದು ಹೊಗೆ ಸಿಡಿಯುತ್ತದೆ. ಲೋಹ ಕಾದು ಹಿಗ್ಗಿದಾಗ ಸದ್ದು ತಗ್ಗುವುದೂ ಉಂಟು. ‘ಟ್ಯಾಪೆಟ್ ಸ್ವಲ್ಪ ಇದೆ ಸಾಹೇಬರೇ’ ಎಂದು ಮಾರುವವನು ಸಮಾಧಾನ ಹೇಳುತ್ತಾನೆ, ಬಹುಶಃ ಪ್ರಾಮಾಣಿಕವಾಗಿಯೇ. ಆದರೆ ಆ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಆಸಕ್ತಿಯಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಿಟಕಿಗಳನ್ನೆಲ್ಲ ಏರಿಸಿ ದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಂತಾಗ, ಹಿಂದಿನ ಸೀಟಿನ ಮಗುವಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ‘ಪ್ರಯಾಣ ಆಗಿಬರುವುದಿಲ್ಲ’ ಎಂದು ತಳ್ಳಿಹಾಕುವವರೇ ಹೆಚ್ಚು. 1984ರಿಂದ 2019ರವರೆಗೆ ತಯಾರಾದ ಓಮ್ನಿಯಂಥ ವಾಹನಗಳಲ್ಲಿ ಎಂಜಿನ್ನು ಮುಂದಿನ ಸೀಟುಗಳ ಕೆಳಗೇ ಇರುವುದರಿಂದ ಇಲ್ಲಿ ಎರಡು ಪಟ್ಟು ಜಾಗರೂಕತೆ ಬೇಕು. ಸ್ಕ್ರೂಡ್ರೈವರಿನ ಕಿವಿ ಈ ಸೋರಿಕೆಗೆ ಸಾಲದು. ಮ್ಯಾನಿಫೋಲ್ಡಿನ ಸಂದುಗಳಲ್ಲಿ ಕಪ್ಪು ಮಸಿಯ ಗೆರೆಗಳಿವೆಯೇ ಎಂದು ಕಣ್ಣಿನಿಂದ ನೋಡಬೇಕು. ಚಾಲೂ ಎಂಜಿನ್ನಿನ ಪರೀಕ್ಷೆಯನ್ನೆಲ್ಲ ಬಯಲಿನಲ್ಲೇ ನಡೆಸಬೇಕು; ಮುಚ್ಚಿದ ಗ್ಯಾರೇಜಿನಲ್ಲಿ ಸರ್ವಥಾ ಕೂಡದು.

ಎಂಜಿನ್ನಿನ ಮೇಲೆ ಸುಳ್ಳು ಆರೋಪ ಹೊರಿಸುವ ಸದ್ದುಗಳೂ ಕೆಲವಿವೆ. ಕ್ಲಚ್ ತುಳಿದಾಗ ಮಾತ್ರ ಬರುವುದು ಕ್ಲಚ್ಚಿನ ರಿಲೀಸ್ ಬೇರಿಂಗಿನದು. ತುಳಿದಾಗ ನಿಂತುಹೋಗುವುದು ಗೇರ್ ಪೆಟ್ಟಿಗೆಯದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ ಕಟಕಟ ಎನ್ನುವುದು ಮುಂದಿನ ಆಕ್ಸಲ್ಲಿನ ಕೀಲಿನದು. ಗಾಡಿ ನಿಂತಿರುವಾಗ ಇಲ್ಲದೆ, ವೇಗಕ್ಕೆ ತಕ್ಕಂತೆ ಏರುವ ಗುಂಯ್‌ಗಾರ ಚಕ್ರದ ಬೇರಿಂಗಿನದಿರಬಹುದು.

ದಲ್ಲಾಳಿಯು ತೋರಿಸಿದ ಮಿಸ್ತ್ರಿಯ ಪರೀಕ್ಷೆ ಪರೀಕ್ಷೆಯಲ್ಲ. ತಮಗೆ ಪರಿಚಯವುಳ್ಳ ಮಿಸ್ತ್ರಿಯೊಬ್ಬನಿಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದೊಯ್ಯುವುದೇ ಸರಿ. ಅವನು ಪಟ್ಟಿ ಮಾಡಿದ ದೋಷಗಳಿಗೆ ಬಿಡಿಭಾಗಗಳ ಅಂಗಡಿಯಲ್ಲಿ ಬೆಲೆ ಕೇಳಿ, ಕೂಲಿಯನ್ನು ಸೇರಿಸಿ, ಆ ಮೊತ್ತವನ್ನು ಕೇಳಿದ ಬೆಲೆಯಿಂದ ಕಳೆಯಬೇಕು. ಬೆಲ್ಟು, ಟ್ಯಾಪೆಟ್ಟು, ಗ್ಯಾಸ್ಕೆಟ್ಟು, ಪಂಪುಗಳ ಮಟ್ಟಿಗೆ ಚೌಕಾಸಿ ನಡೆಯಲಿ. ಕಾದ ಎಂಜಿನ್ನಿನ ಕೆಳಗಿನಿಂದ ಕುಟ್ಟುವ ಸದ್ದು ಬಂದಲ್ಲಿ ಚೌಕಾಸಿಗೆ ಇಳಿಯಲೇಬಾರದು. ಎಷ್ಟೇ ಬೆಲೆ ಇಳಿಸಿದರೂ ಒಳಗೆ ಹಾಳಾಗಿರುವುದು ಎಷ್ಟೆಂದು ಬಿಚ್ಚುವವರೆಗೆ ಯಾರಿಗೂ ತಿಳಿಯದು. ಗಾಡಿ ಒಪ್ಪಿಗೆಯಾದರೆ ಮುಂಗಡ ಕೊಡುವ ಮೊದಲು ಆರ್.ಸಿ. ಪುಸ್ತಕದಲ್ಲಿ ಹೈಪೋಥಿಕೇಶನ್ ನಮೂದಾಗಿದೆಯೇ ಎಂದು ನೋಡಬೇಕು. ಆಗಿದ್ದಲ್ಲಿ ಸಾಲ ಕೊಟ್ಟ ಸಂಸ್ಥೆಯ ನಿರಾಕ್ಷೇಪಣಾ ಪತ್ರವೂ ಅದರ ಸಹಿಯಿರುವ 35ನೇ ನಮೂನೆಯೂ ಕೈಗೆ ಬರಬೇಕು. ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಮಾರುವವನ ಸಹಿ ಅದೇ ದಿನ ಬೀಳಬೇಕು.