ಭಯಕ್ಕೂ ಒಂದು ಲೆಕ್ಕವಿರಲಿ

ಪಶ್ಚಿಮ ರೈಲ್ವೆಯ ಹಾದಿಯಲ್ಲಿ ಮುಂಬಯಿ ಮಹಾನಗರದ ಕೊನೆಯ ನಿಲ್ದಾಣ ದಹಿಸರ್. ಸಂಜೆಯ ಲೋಕಲ್ ಗಾಡಿ ಇಲ್ಲಿ ಇಳಿಸಿಹೋಗುವ ಜನಸಂದಣಿಯಲ್ಲಿ ಕನ್ನಡ, ತುಳು, ಕೊಂಕಣಿ ಮಾತುಗಳು ಕಿವಿಗೆ ಬೀಳುವುದು ಹೊಸತಲ್ಲ. ಒಂದು ಕಾಲಕ್ಕೆ ಲೋಕಾಭಿರಾಮದ ಮಾತುಗಳೆಲ್ಲ ಗಾಡಿಯ ಡಬ್ಬಿಯಲ್ಲಿ, ಹೋಟೆಲಿನ ಗಲ್ಲಾದ ಬಳಿ, ಸಂಘದ ಜಗಲಿಯಲ್ಲಿ ನಡೆಯುತ್ತಿದ್ದವು. ಈಗ ಅವು ಅಂಗೈಗೇ ಬಂದಿವೆ. ಮನೆ ಸೇರಿ ಕೈಕಾಲು ತೊಳೆದು ಒಂದು ಕೈಯಲ್ಲಿ ಕಾಫಿಯ ಲೋಟ ಹಿಡಿದರೆ ಇನ್ನೊಂದು ಕೈಯಲ್ಲಿ ಮೊಬೈಲು ಇದ್ದೇ ಇರುತ್ತದೆ.

ಈ ಪುಟ್ಟ ಯಂತ್ರದ ಬಗ್ಗೆ ಮನೆಮನೆಗಳಲ್ಲಿ ಮೂರು ಅಭಿಪ್ರಾಯಗಳು ಬಲವಾಗಿ ಬೇರೂರಿವೆ. ಅದರ ಕಿರಣಗಳು ದೇಹವನ್ನು ಕೆಡಿಸುತ್ತವೆ ಎಂಬುದು ಮೊದಲನೆಯದು. ಹತ್ತು ಜನ ಕಳುಹಿಸಿದ ಸುದ್ದಿ ಸುಳ್ಳಾಗಲಾರದು ಎಂಬುದು ಎರಡನೆಯದು. ಕಂಪ್ಯೂಟರಿನ ಕಳ್ಳರು ಮಹಾ ವಿದ್ಯಾವಂತರು, ಅವರು ದೊಡ್ಡ ಕುಳಗಳನ್ನೇ ಹುಡುಕುತ್ತಾರೆ, ಬಡ ಪಿಂಚಣಿದಾರರ ತಂಟೆಗೆ ಬರಲಾರರು ಎಂಬುದು ಮೂರನೆಯದು. ಈ ಮೂರನ್ನೂ ಒಂದಿಷ್ಟು ತೂಗಿ ನೋಡುವುದು ದೇಹದ ಆರೋಗ್ಯಕ್ಕೂ ಮನೆಯ ಆರೋಗ್ಯಕ್ಕೂ ಹಿತವಾದೀತು.

ವಿಶ್ವಕಿರಣವೆಂಬ ಗುಮ್ಮ

"ಇಂದು ರಾತ್ರಿ 12.30ರಿಂದ 3.30ರ ವರೆಗೆ ವಿಶ್ವಕಿರಣಗಳು ಭೂಮಿಯ ಸಮೀಪ ಹಾದುಹೋಗಲಿವೆ, ಮೊಬೈಲನ್ನು ಆರಿಸಿ ದೂರವಿಡಿ" ಎಂಬ ಒಕ್ಕಣೆ ವರ್ಷವರ್ಷವೂ ಸುತ್ತಿಬರುತ್ತದೆ. ಸಿಂಗಪುರದ ದೂರದರ್ಶನ, ನಾಸಾ, ಬಿಬಿಸಿ ಎಂಬ ಹೆಸರುಗಳನ್ನು ಅದಕ್ಕೆ ಅಂಟಿಸಿರುತ್ತಾರೆ. ಯಾವ ದಿನದ "ಇಂದು" ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ.

ವಿಶ್ವಕಿರಣಗಳು ಕಟ್ಟುಕಥೆಯಲ್ಲ. ಆಸ್ಟ್ರಿಯಾದ ವಿಕ್ಟರ್ ಹೆಸ್ ಎಂಬ ವಿಜ್ಞಾನಿ 1912ರಲ್ಲಿ ಬಲೂನಿನಲ್ಲಿ ಮೇಲೇರಿ ಅವುಗಳ ಇರವನ್ನು ಕಂಡುಹಿಡಿದನು. 1936ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅವು ಒಂದು ರಾತ್ರಿ ಬಂದು ಹೋಗುವ ಅತಿಥಿಗಳಲ್ಲ. ಅವುಗಳಿಂದ ಹುಟ್ಟುವ ಮ್ಯುಆನ್ ಎಂಬ ಕಣಗಳು ಹಗಲಿರುಳೂ ಸುರಿಯುತ್ತಲೇ ಇರುತ್ತವೆ. ಬಿಚ್ಚಿದ ಅಂಗೈಯನ್ನು ಸೆಕೆಂಡಿಗೆ ಒಂದೆರಡರಂತೆ ಅವು ಭೇದಿಸಿ ಹೋಗುತ್ತವೆ. ಮೊಬೈಲು ಉರಿದರೂ ಆರಿದರೂ ಅವುಗಳಿಗೆ ಒಂದೇ.

ಈ ಕಿರಣಗಳ ಕಥೆಗೂ ಮುಂಬಯಿ ಕನ್ನಡಿಗರಿಗೂ ಹತ್ತಿರದ ನಂಟಿದೆ. ನಂಜನಗೂಡಿನ ಸೀಮೆಯಲ್ಲಿ 1925ರಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಬಿ. ವಿ. ಶ್ರೀಕಂಠನ್ ಅವರು 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಹೋಮಿ ಭಾಭಾ ಅವರ ಪ್ರೇರಣೆಯಿಂದ, ವಿಶ್ವಕಿರಣದ ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆಂದು ಅಳೆಯಲು ಅವರು 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದರು. ಅದೇ ಗಣಿಯಲ್ಲಿ, ಸುಮಾರು ಎರಡೂಕಾಲು ಕಿಲೋಮೀಟರ್ ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನುಗಳ ವಿಜ್ಞಾನಿಗಳು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು. ಶ್ರೀಕಂಠನ್ ಅವರು 1975ರಿಂದ 1987ರ ವರೆಗೆ ಕೊಲಾಬಾದ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಕನ್ನಡಿಗನೊಬ್ಬ ಕನ್ನಡ ನೆಲದ ಗರ್ಭದಲ್ಲಿ ನಿಂತು ಅಳೆದ ವಸ್ತುವಿನ ಹೆಸರಿನಲ್ಲೇ ಕನ್ನಡದ ಮನೆಗಳು ರಾತ್ರಿ ಬೆದರಿ ಕೂರುವುದು ವಿಪರ್ಯಾಸವೇ ಸರಿ.

ಟವರಿನ ತರಂಗಗಳು

ಮುಂದಿನ ಭಯ ಕಟ್ಟಡದ ತಾರಸಿಯ ಮೇಲಿನ ಟವರಿನದು. ಸೊಸೈಟಿಯ ಸಭೆಗಳಲ್ಲಿ ಇದರಷ್ಟು ಕಾವೇರುವ ವಿಷಯ ಇನ್ನೊಂದಿರಲಾರದು. ವಿಕಿರಣ ಎಂಬ ಶಬ್ದವನ್ನು ಕೇಳಿದೊಡನೆ ಅಣುಬಾಂಬು, ಕ್ಷಕಿರಣಗಳು ನೆನಪಾಗುವುದು ಸಹಜ. ಆದರೆ ದೀಪದ ಬೆಳಕೂ ವಿಕಿರಣವೇ. ಮೊಬೈಲಿನ ತರಂಗ, ಬೆಳಕು, ಕ್ಷಕಿರಣ ಇವೆಲ್ಲ ಒಂದೇ ಕುಲದವು. ಕಂಪನದ ವೇಗದಲ್ಲಿ ಮಾತ್ರ ಭೇದ. 1800 ಮೆಗಾಹರ್ಟ್ಸ್‌ನ ಮೊಬೈಲು ತರಂಗ ಸೆಕೆಂಡಿಗೆ 180 ಕೋಟಿ ಸಲ ಕಂಪಿಸಿದರೆ, ಕಣ್ಣಿಗೆ ಕಾಣುವ ಬೆಳಕು ಅದಕ್ಕಿಂತ ಎರಡು ಲಕ್ಷ ಪಟ್ಟಿಗೂ ಮಿಗಿಲಾಗಿ ಕಂಪಿಸುತ್ತದೆ. ಕಂಪನ ಹೆಚ್ಚಿದಷ್ಟೂ ತರಂಗದ ಒಂದೊಂದು ಕಣದ ಶಕ್ತಿ ಹೆಚ್ಚು. ಜೀವಕೋಶದೊಳಗಿನ ಅಣುಗಳನ್ನು ಒಡೆಯುವಷ್ಟು ಶಕ್ತಿ ಬೆಳಕನ್ನೂ ದಾಟಿದ ತೀವ್ರ ನೇರಳಾತೀತ ಕಿರಣ ಮತ್ತು ಕ್ಷಕಿರಣಗಳಿಗೆ ಉಂಟು. ಮೊಬೈಲಿನ ತರಂಗಕ್ಕೆ ಇಲ್ಲ. ಅದರಿಂದ ಖಚಿತವಾಗಿ ಆಗುವ ಪರಿಣಾಮವೆಂದರೆ ಅಲ್ಪಸ್ವಲ್ಪ ಶಾಖ. ಆ ಶಾಖಕ್ಕೂ ಭಾರತ ಸರ್ಕಾರ ಮಿತಿ ಹಾಕಿದೆ. 2012ರ ಸೆಪ್ಟೆಂಬರ್ 1ರಿಂದ ಇಲ್ಲಿನ ಟವರುಗಳು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಬದ್ಧವಾಗಿರಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಈ ತರಂಗಗಳನ್ನು "ಕ್ಯಾನ್ಸರಿಗೆ ಕಾರಣವಾಗಬಹುದಾದ" ವಸ್ತುಗಳ ಪಟ್ಟಿಗೆ ಸೇರಿಸಿದ್ದು ನಿಜ. ಸಾಕ್ಷ್ಯ ಅಲ್ಪವಾಗಿದ್ದು ಸಂಶಯ ಪೂರ್ತಿ ನೀಗದಿದ್ದಾಗ ಬಳಸುವ ವರ್ಗ ಅದು. ಸರ್ವರೋಗ ಪರಿಹಾರಕವೆಂದು ಮೊಬೈಲಿನಲ್ಲೇ ಕೊಂಡಾಡುವ ಲೋಳೆಸರದ ಇಡೀ ಎಲೆಯ ಸಾರವೂ ಮುಂದೆ ಅದೇ ವರ್ಗಕ್ಕೆ ಸೇರಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ಹಲವು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊಬೈಲಿನ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ. "ಪ್ರೇಮಲೋಕ" ಚಿತ್ರದಿಂದ ಕನ್ನಡಿಗರಿಗೆ ಪರಿಚಿತರಾದ ನಟಿ ಜೂಹಿ ಚಾವ್ಲಾ ಅವರು 5ಜಿ ತರಂಗಗಳ ವಿರುದ್ಧ ಹೂಡಿದ್ದ ದಾವೆಯನ್ನೂ ದಿಲ್ಲಿ ಉಚ್ಚ ನ್ಯಾಯಾಲಯ 2021ರ ಜೂನ್ ತಿಂಗಳಲ್ಲಿ ತಳ್ಳಿಹಾಕಿತು.

ಇನ್ನೊಂದು ಸೂಕ್ಷ್ಮವಿದೆ. ಟವರು ದೂರವಾದಷ್ಟೂ ಮೊಬೈಲು ಹೆಚ್ಚು ಬಲದಿಂದ ತರಂಗವನ್ನು ಹೊರಡಿಸಬೇಕಾಗುತ್ತದೆ, ದೂರದಲ್ಲಿರುವವನನ್ನು ಕರೆಯುವಾಗ ದನಿ ಏರಿಸುವಂತೆ. ಆ ಯಂತ್ರವಿರುವುದು ಕಿವಿಗೆ ತಾಗಿಯೇ. ಸಮೀಪದ ಟವರನ್ನು ಕೀಳಿಸಿದರೆ ತಲೆಗೆ ತಗಲುವ ತರಂಗ ಕಡಿಮೆಯಾಗುತ್ತದೆಂಬ ಎಣಿಕೆ ಹೀಗೆ ತಲೆಕೆಳಗಾಗಬಹುದು. ಇಷ್ಟಾದರೂ ಮನಸ್ಸು ಒಪ್ಪದವರಿಗೆ ಸುಲಭದ ಉಪಾಯವುಂಟು: ಇಯರ್‌ಫೋನು ಬಳಸುವುದು, ದೀರ್ಘ ಸಂಭಾಷಣೆಯನ್ನು ಮೊಟಕುಗೊಳಿಸುವುದು. ಆದರೆ ಅದೇ ಇಯರ್‌ಫೋನನ್ನು ಕಿವಿಗಿಟ್ಟುಕೊಂಡು ರೈಲು ಹಳಿ ದಾಟುವುದು ಸಾವನ್ನು ಕರೆದಂತೆ. ಮೊಬೈಲಿನಿಂದ ಮುಂಬಯಿಗರಿಗೆ ಒದಗುವ ನಿಜವಾದ ಪ್ರಾಣಾಪಾಯಗಳಲ್ಲಿ ಅದೊಂದು.

ಹತ್ತು ಜನರ ಮಾತು

ಗಾಳಿಮಾತಿಗೆ ಮೊಬೈಲು ಬೇಕೆಂದೇನೂ ಇಲ್ಲ. 1995ರ ಸೆಪ್ಟೆಂಬರ್ 21ರಂದು ಗಣಪತಿಯ ಮೂರ್ತಿಗಳು ಹಾಲು ಕುಡಿಯುತ್ತಿವೆಯೆಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಚಮಚೆಯ ಅಂಚಿನ ಹಾಲು ದ್ರವದ ಮೇಲ್ಮೈಸೆಳೆತದಿಂದ ಕಲ್ಲಿಗೆ ಅಂಟಿ, ತೆಳುವಾದ ಹರಿವಾಗಿ ಕೆಳಗಿಳಿಯುವುದನ್ನು ಬಣ್ಣ ಬೆರೆಸಿದ ಹಾಲಿನಿಂದ ವಿಜ್ಞಾನಿಗಳು ತೋರಿಸಿಕೊಟ್ಟರು. ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಆದರೆ 2006ರ ಆಗಸ್ಟ್ ತಿಂಗಳಲ್ಲಿ ಮಾಹಿಮಿನ ಕಡಲು ಸಿಹಿಯಾಯಿತೆಂಬ ಸುದ್ದಿ ಹಬ್ಬಿದಾಗ ಜನ ಬಾಟಲಿಗಳಲ್ಲಿ ಆ ನೀರು ತುಂಬಿಕೊಂಡರು, ಮಕ್ಕಳಿಗೂ ಕುಡಿಸಿದರು. ಮಳೆಗಾಲದಲ್ಲಿ ಮೀಠಿ ನದಿ ತಂದು ಸುರಿದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಮೇಲೆ ತೇಲುವುದು ಭೌತಶಾಸ್ತ್ರದ ಸಾಮಾನ್ಯ ಪಾಠ. ಆ ನದಿ ಹೊತ್ತು ತರುವುದಾದರೂ ನಗರದ ಚರಂಡಿಯನ್ನು. ಕುಡಿಯಬೇಡಿರೆಂದು ಅಧಿಕಾರಿಗಳು ಅಂಗಲಾಚಬೇಕಾಯಿತು.

ಅದಕ್ಕೂ ಒಂದು ವರ್ಷ ಹಿಂದೆ, 2005ರ ಜುಲೈ 26ರ ಮಹಾಪೂರದಲ್ಲಿ ದಹಿಸರ್ ನದಿಯೂ ಉಕ್ಕಿ ಹರಿದುದನ್ನು ಇಲ್ಲಿನ ಹಿರಿಯರು ಮರೆತಿರಲಾರರು. ಎರಡು ದಿನಗಳ ಅನಂತರ ಜುಹೂ ಪರಿಸರದ ನೆಹರೂ ನಗರದಲ್ಲಿ ಕಟ್ಟೆ ಒಡೆಯಿತು, ಸುನಾಮಿ ಬಂತು ಎಂಬ ಕೂಗಿಗೆ ಎದ್ದು ಓಡಿದ ಜನರ ಕಾಲ್ತುಳಿತದಲ್ಲಿ ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ಅಂದು ಕೊಂದದ್ದು ನೀರಲ್ಲ, ಮಾತು. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರು, ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯ ಬಳಿ ಒಬ್ಬ ತರುಣ ಇಂಜಿನಿಯರು, ಮಕ್ಕಳ ಕಳ್ಳರೆಂಬ ಮೊಬೈಲು ಸುದ್ದಿಗೆ ಬಲಿಯಾದರು. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸಲಾಗದಂತೆ ಕಟ್ಟು ಮಾಡಿತು. ಹತ್ತು ಜನ ಕಳುಹಿಸಿದರೆಂಬುದು ಸಾಕ್ಷಿಯಲ್ಲ. ಆ ಹತ್ತೂ ಜನರಿಗೆ ಅದು ಬಂದದ್ದು ಒಬ್ಬನಿಂದಲೇ ಇರಬಹುದು.

ಈ ರೋಗಕ್ಕೆ ಕನ್ನಡ ನಾಡಿನಲ್ಲೇ ಒಬ್ಬ ವೈದ್ಯರಿದ್ದರು. ಭೌತಶಾಸ್ತ್ರದ ಅಧ್ಯಾಪಕ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ನೇಮಿಸಿದರು. ಯಾರು ಹೇಳಿದರೆಂಬುದಕ್ಕಿಂತ ಹೇಗೆ ತಿಳಿಯಿತೆಂಬುದೇ ಮುಖ್ಯವೆಂಬ ದಾರಿ ಅವರದು. ಆರೋಗ್ಯದ ವಿಷಯದಲ್ಲಂತೂ ಈ ಪ್ರಶ್ನೆ ಪ್ರಾಣವನ್ನೇ ಉಳಿಸೀತು. ಒಬ್ಬಂಟಿಯಾಗಿದ್ದಾಗ ಎದೆನೋವು ಬಂದರೆ ಜೋರಾಗಿ ಕೆಮ್ಮುತ್ತಿರಬೇಕೆಂಬ ಒಕ್ಕಣೆಯನ್ನು ನಂಬಿ ಕುಳಿತವನು ಆಸ್ಪತ್ರೆ ಸೇರಬೇಕಾದ ಅಮೂಲ್ಯ ನಿಮಿಷಗಳನ್ನು ಕಳೆದುಕೊಳ್ಳುತ್ತಾನೆ. ಅವನು ಮಾಡಬೇಕಾದದ್ದು 108ಕ್ಕೆ ಕರೆ, ನೆರೆಮನೆಯವರಿಗೆ ಕೂಗು. ಯಾವುದೋ ಕಷಾಯದ ಸುದ್ದಿ ಓದಿ ರಕ್ತದೊತ್ತಡದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದವರಿಗೆ ಪಾರ್ಶ್ವವಾಯುವಿನ ಅಪಾಯ ಕಾದಿರುತ್ತದೆ.

ಬೀಗ ಗಟ್ಟಿ, ಬಾಗಿಲು ತೆರೆದವರಾರು?

ಮೂರನೆಯ ಅಭಿಪ್ರಾಯವೇ ಎಲ್ಲಕ್ಕಿಂತ ದುಬಾರಿ. ಬ್ಯಾಂಕಿನಿಂದ ಬರುವ ಓಟಿಪಿ ಎಂಬುದು ಒಂದೇ ಸಲ ತೆರೆಯುವ ಬೀಗದ ಕೈ. ಆರು ಅಂಕಿಗಳ ಓಟಿಪಿಗೆ ಹತ್ತು ಲಕ್ಷ ಸಾಧ್ಯತೆಗಳಿವೆ; ಕೆಲವೇ ಪ್ರಯತ್ನಗಳಿಗೆ ಅವಕಾಶ, ಕೆಲವೇ ನಿಮಿಷಗಳ ಆಯುಷ್ಯ. ಅದನ್ನು ಊಹಿಸಿ ತೆರೆಯುವುದು ಕಳ್ಳನಿಂದ ಆಗದ ಮಾತು. ಆದುದರಿಂದಲೇ ಅವನು ಯಂತ್ರವನ್ನು ಮುಟ್ಟುವುದಿಲ್ಲ, ಮನುಷ್ಯನನ್ನು ಮುಟ್ಟುತ್ತಾನೆ. ಅದಕ್ಕೆ ಬೇಕಾದ ವಿದ್ಯೆ ಎರಡೇ: ಹೆದರಿಸುವುದು, ಅವಸರಪಡಿಸುವುದು. ವಿದ್ಯುತ್ ಕಡಿಯುತ್ತೇವೆ, ಬ್ಯಾಂಕಿನ ಖಾತೆ ಇಂದೇ ಮುಚ್ಚುತ್ತದೆ, ನಿಮ್ಮ ಹೆಸರಿನ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿದೆ ಎಂಬ ಮಾತುಗಳೆಲ್ಲ ಈ ಎರಡರ ವೇಷಗಳು. ಮದುವೆಯ ಕರೆಯೋಲೆಯ ರೂಪದಲ್ಲಿ ಎಪಿಕೆ ಎಂಬ ಕಡತ ಬರುವುದೂ ಉಂಟು. ಕರೆಯೋಲೆಯೆಂದು ಒತ್ತಿದೊಡನೆ ಮೊಬೈಲಿನ ಯಜಮಾನಿಕೆ ಕಳ್ಳನ ಪಾಲಾಗುತ್ತದೆ. ಬಂಧುಬಳಗ ದೊಡ್ಡದಾಗಿರುವ ಸಮಾಜಗಳಲ್ಲಿ ಈ ಬಲೆ ವಿಶೇಷ ಅಪಾಯಕಾರಿ.

ಎಲ್ಲಕ್ಕಿಂತ ಕ್ರೂರವಾದುದು "ಡಿಜಿಟಲ್ ಅರೆಸ್ಟ್". ಪೊಲೀಸ್ ಸಮವಸ್ತ್ರ ಧರಿಸಿದ ವ್ಯಕ್ತಿ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ಕೋಣೆಯಿಂದ ಹೊರಬರಬಾರದು, ಮಕ್ಕಳಿಗೂ ಹೇಳಬಾರದು ಎಂದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೂರಿಸುತ್ತಾನೆ. ಜೀವಮಾನದ ಉಳಿತಾಯ ಹೀಗೆ ಕರಗುತ್ತದೆ. ಇಂಥ ಬಂಧನ ಭಾರತದ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪ್ರಧಾನಿಯವರು 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿ ಇದನ್ನೇ ಸ್ಪಷ್ಟಪಡಿಸಿ, ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ ಎಂಬ ಮೂರು ಮೆಟ್ಟಿಲುಗಳನ್ನು ಸೂಚಿಸಿದರು. ಹಣ ಹೋಯಿತೆಂದು ತಿಳಿದ ಕ್ಷಣವೇ 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಇನ್ನೊಂದು ಖಾತೆಗೆ ಜಾರುವ ಮುನ್ನ ತಡೆಯಲು ಸಾಧ್ಯವಿರುವುದು ಆ ಮೊದಲ ಗಳಿಗೆಗಳಲ್ಲಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು ಎಂಬುದನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಲ್ಲ.

ಹೀಗೆ ಮೋಸಹೋದವರನ್ನು ಹಣದ ನಷ್ಟಕ್ಕಿಂತ ನಾಚಿಕೆ ಹೆಚ್ಚಾಗಿ ಕೊರೆಯುತ್ತದೆ. "ಇಷ್ಟು ವರ್ಷ ಮುಂಬಯಿಯಲ್ಲಿದ್ದೂ ಹೀಗಾಯಿತಲ್ಲ" ಎಂದು ಒಳಗೊಳಗೇ ಕೊರಗಿ ನಿದ್ದೆ ಕೆಡಿಸಿಕೊಳ್ಳುವವರು, ಊಟ ಬಿಡುವವರು, ಮಗನಿಗೂ ಹೇಳದೆ ದೂರು ಕೊಡುವ ಹೊತ್ತನ್ನು ಮೀರಿಸುವವರು ಉಂಟು. ಆಗ ಮನೆಯವರ ಬಾಯಿಂದ ಹೊರಡುವ ಮೊದಲ ಮಾತು ಔಷಧವೂ ಆದೀತು, ವಿಷವೂ ಆದೀತು. "ಅಜ್ಜ, ನಿಮ್ಮ ಬುದ್ಧಿಗೆ ಏನಾಗಿತ್ತು?" ಎನ್ನುವ ಮೊಮ್ಮಗನಿಗಿಂತ, "ಅಜ್ಜ, ಬನ್ನಿ, ಮೊದಲು 1930ಕ್ಕೆ ಫೋನು ಮಾಡುವಾ" ಎನ್ನುವ ಮೊಮ್ಮಗ ಮನೆಗೆ ಬೆಳಕು. ಮೋಸಹೋಗುವುದು ದಡ್ಡತನದ ಗುರುತಲ್ಲ. ಭಯದಲ್ಲಿರುವ ಮನಸ್ಸಿಗೆ ವಿವೇಚಿಸಲು ಬಿಡುವು ಸಿಗುವುದಿಲ್ಲ, ಕಳ್ಳ ನೆಚ್ಚುವುದು ಅದನ್ನೇ.

ಊರಿನಿಂದ ಬರಿಗೈಯಲ್ಲಿ ಬಂದ ಕನ್ನಡದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಬದುಕು ಕಟ್ಟಿದ ಕಥೆ ಮನೆಮನೆಯದು. ಅಂದು ಕಲಿತ ಅಕ್ಷರ ಸಹಿ ಹಾಕಲು, ಪತ್ರ ಓದಲು ಸಾಕಾಗಿತ್ತು. ಇಂದು ಅಂಗೈಯ ಯಂತ್ರಕ್ಕೆ ಬೇರೊಂದು ಅಕ್ಷರಾಭ್ಯಾಸ ಬೇಕಾಗಿದೆ. ಸಂಘಗಳು ತಿಂಗಳಿಗೊಂದು ಸಂಜೆ ಹಿರಿಯರನ್ನು ಕೂರಿಸಿ, ತರುಣರಿಂದ ಕನ್ನಡದಲ್ಲೇ ಈ ಪಾಠ ಹೇಳಿಸಿದರೆ ಅದೂ ಒಂದು ರಾತ್ರಿಶಾಲೆಯೇ. ಅಂಗೈಯನ್ನು ಹಾದುಹೋಗುವ ವಿಶ್ವಕಿರಣಕ್ಕೆ ಹೆದರಬೇಕಾಗಿಲ್ಲ. ಅಂಗೈಯ ಯಂತ್ರದಿಂದ ಬರುವ ಅವಸರದ ದನಿಗೆ ಹೆದರದೆ, ಒಂದು ಗಳಿಗೆ ಸುಮ್ಮನಿದ್ದು, ಮನೆಯ ಇನ್ನೊಬ್ಬರನ್ನು ಕೂಗಿ ಕರೆದರೆ ಸಾಕು.