ಕಾಕಂಬಿಯಲ್ಲಿ ಉಳಿಯುವ ಸಕ್ಕರೆ

ಉಮ್ಮತ್ತೂರಿನ ಸೀಮೆಯಲ್ಲಿ ಬೆಳೆದ ಕಬ್ಬಿಗೆ ಎರಡು ದಾರಿಗಳುಂಟು. ಆಲೆಮನೆಗೆ ಹೋದರೆ ಅದರ ರಸವು ಕೊಪ್ಪರಿಗೆಯಲ್ಲಿ ಕುದಿದು, ಮಡ್ಡಿ ತೆಗೆದ ಮೇಲೆ ಉಳಿದುದೆಲ್ಲ ಬೆಲ್ಲವಾಗುತ್ತದೆ. ನೆರೆಯ ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿರುವಂಥ ಸಕ್ಕರೆ ಕಾರ್ಖಾನೆಗೆ ಹೋದರೆ ಹರಳುಗಟ್ಟಿದ ಭಾಗ ಮಾತ್ರ ಚೀಲವನ್ನು ಸೇರುತ್ತದೆ. ಹರಳಾಗದ ಸಕ್ಕರೆ ಕಾಕಂಬಿಯೊಡನೆ ಹೊರಟುಹೋಗುತ್ತದೆ. ಈ ನಷ್ಟವನ್ನು ತಗ್ಗಿಸುವ ಬಗೆ ಹೇಗೆಂಬುದನ್ನು ನಾವಿಲ್ಲಿ ವಿಚಾರಮಾಡೋಣ.

ಕಾರ್ಖಾನೆಯಲ್ಲಿ ಶುದ್ಧಿಮಾಡಿ ಮಂದಗೊಳಿಸಿದ ರಸವನ್ನು ನಿರ್ವಾತ ಪಾತ್ರೆಯಲ್ಲಿ ಕುದಿಸುತ್ತಾರೆ. 1813ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೊವಾರ್ಡ್ ಇದಕ್ಕೆ ಪೇಟೆಂಟ್ ಪಡೆದನು. ಒತ್ತಡ ಕಡಮೆಯಾಗಿರುವುದರಿಂದ ಪಾಕವು ಸುಮಾರು 70 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ, ಸಕ್ಕರೆ ಕಂದುವುದಿಲ್ಲ. ನುಣ್ಣಗೆ ಅರೆದ ಸಕ್ಕರೆಯನ್ನು ಬೀಜವಾಗಿ ಬೆರೆಸಿದರೆ ಅದರ ಸುತ್ತ ಹರಳು ಬೆಳೆಯುತ್ತದೆ. ಆದರೂ ಪಾಕದ ದ್ರವಭಾಗದಲ್ಲಿ ಸಕ್ಕರೆ ಉಳಿದೇ ಇರುತ್ತದೆ. 100 ಗ್ರಾಂ ಶುದ್ಧ ನೀರು 70 ಡಿಗ್ರಿಯಲ್ಲಿ ಸುಮಾರು 320 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡರೆ, 40 ಡಿಗ್ರಿಯಲ್ಲಿ ಸುಮಾರು 238 ಗ್ರಾಂ ಮಾತ್ರ ಕರಗಿಸಿಕೊಳ್ಳಬಲ್ಲುದು. ಆದುದರಿಂದಲೇ ಪಾಕವನ್ನು ಸ್ಫಟಿಕೀಕರಣದ ತೊಟ್ಟಿಗೆ ಇಳಿಸಿ ತಣಿಸುತ್ತಾರೆ.

ಹಾಗಾದರೆ ಥಟ್ಟನೆ ತಣಿಸಿಬಿಡಬಾರದೇ ಎಂದು ವಾಚಕರು ಕೇಳಬಹುದು. ಕೂಡದು. ಹಾಗೆ ಮಾಡಿದರೆ ಇದ್ದ ಹರಳು ಬೆಳೆಯುವ ಬದಲು ಧೂಳಿನಂಥ ಹೊಸ ಹರಳುಗಳು ಹುಟ್ಟಿ, ಕೇಂದ್ರಾಪಗಾಮಿ ಯಂತ್ರದ ಜಾಲರಿಯಿಂದ ನುಸುಳಿಹೋಗುತ್ತವೆ. ತಣ್ಣೀರಿನ ಕೊಳವೆಗಳ ಮೇಲೆ ಪಾಕವು ಗಟ್ಟಿಯಾಗಿ ಮೆತ್ತಿಕೊಂಡು ಶಾಖದ ದಾರಿಯನ್ನೂ ತಡೆಯುತ್ತದೆ.

ಕೇವಲ ಗಾಳಿಯಿಂದ ತಣಿಯುತ್ತಿದ್ದ ಹಳೆಯ ತೊಟ್ಟಿಗಳಿಗೆ ದಿನಗಳೇ ಬೇಕಾಗುತ್ತಿದ್ದವು. ಸುಧಾರಿಸಿದ ತೊಟ್ಟಿಗಳಲ್ಲಿ ಕೊಳವೆಗಳ ಮೇಲ್ಮೈಯನ್ನು ಹೆಚ್ಚಿಸಿ, ಪಾಕಕ್ಕೆ ಎದುರಾಗಿ ನೀರನ್ನು ಹರಿಸಿ, ಎರಡರ ಉಷ್ಣತೆಯ ಅಂತರವನ್ನು ಮಿತವಾಗಿಡುತ್ತಾರೆ. ಎಲ್ಲ ಹರಳುಗಳಿಗೂ ಹೊಸ ದ್ರವವು ತಾಗುವಂತೆ ಮೆಲ್ಲನೆ ಕಲಕುತ್ತಿರುತ್ತಾರೆ. ತಣಿದ ಪಾಕ ಬಲು ಅಂಟಾದುದರಿಂದ, ಕೊನೆಯಲ್ಲಿ ಹರಳು ಕರಗದಷ್ಟು ಮಾತ್ರ ಬೆಚ್ಚಗೆ ಮಾಡಿ ಕಾಕಂಬಿಯನ್ನು ಬೇರ್ಪಡಿಸುತ್ತಾರೆ.

ಇದರಿಂದಾಗುವ ಲಾಭವೆಷ್ಟು? ದಿನಕ್ಕೆ 5,000 ಟನ್ ಕಬ್ಬನ್ನು ಅರೆಯುವ ಕಾರ್ಖಾನೆಯೊಂದರಲ್ಲಿ ಇಳುವರಿಯು ಶೇಕಡ 10.3ರಿಂದ 10.4ಕ್ಕೆ ಏರಿತೆನ್ನೋಣ, ದಿನವೊಂದಕ್ಕೆ 5 ಟನ್ ಸಕ್ಕರೆ ಹೆಚ್ಚಾಯಿತು. ರೈತನಿಗೂ ಇದರಲ್ಲಿ ಪಾಲುಂಟು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡ 10.25 ಇಳುವರಿಗೆ ಕ್ವಿಂಟಲ್ ಕಬ್ಬಿಗೆ 340 ರೂಪಾಯಿ ಗೊತ್ತುಮಾಡಿ, ಅದರ ಮೇಲಣ ಪ್ರತಿ 0.1ಕ್ಕೆ 3 ರೂಪಾಯಿ 32 ಪೈಸೆಯನ್ನು ಸೇರಿಸಿತ್ತು.

ಕಾಕಂಬಿಯಿಂದ ಮದ್ಯಸಾರವನ್ನು ತಯಾರಿಸಬಹುದು, ನಿಜ. ಆದರೆ ಹರಳಾಗಬಹುದಾಗಿದ್ದ ಸಕ್ಕರೆ ಅದರಲ್ಲಿ ಕರಗಿಹೋದರೆ, ಬಿಸಿಲಿನಲ್ಲಿ ದುಡಿದವನ ಶ್ರಮದ ಒಂದಂಶವೂ ಅದರೊಡನೆ ಹೋದಂತೆಯೇ ಸರಿ.