ಬೆನಗಲ್ ನರಸಿಂಗ ರಾಯರು ಮತ್ತು ಕೊರಿಯಾ ಯುದ್ಧ

ಹಳೆಯ ನೋಟುಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವರಿಗೆ ಬಿ. ರಾಮ ರಾವ್ ಎಂಬ ಸಹಿ ಚಿರಪರಿಚಿತ. 1949ರಿಂದ 1957ರ ಜನವರಿಯವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮ ರಾಯರನ್ನು ನಮ್ಮಂತಹ ಬ್ಯಾಂಕ್ ನೌಕರರು ಮರೆಯುವಂತಿಲ್ಲ. ಅವರ ಅಣ್ಣ ನರಸಿಂಗ ರಾಯರ ಹೆಸರು ಸಂವಿಧಾನ ರಚನೆಯ ಪ್ರಸ್ತಾಪ ಬಂದಾಗ ಅಷ್ಟಿಷ್ಟು ಕೇಳಿಬರುತ್ತದೆ. ಆದರೆ ಕೊರಿಯಾ ಯುದ್ಧ ಆರಂಭವಾದ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರಿನ ಇದೇ ಮಹನೀಯರು ಎಂಬ ಸಂಗತಿ ನಿಗಡಿ, ಆಕುರ್ಡಿ, ಚಿಂಚವಡಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!

ನರಸಿಂಗ ರಾಯರು ಜನಿಸಿದ್ದು 1887ರ ಫೆಬ್ರವರಿ 26ರಂದು, ವೈದ್ಯರಾಗಿದ್ದ ರಾಘವೇಂದ್ರ ರಾಯರ ಮಗನಾಗಿ. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಕನ್ನಡ. ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸು ವಿಶ್ವವಿದ್ಯಾನಿಲಯ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ಓದಿ, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1910ರಲ್ಲಿ ಬಂಗಾಳದಲ್ಲಿ ಸೇವೆಗೆ ಸೇರಿದರು. ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರೂ ಆದರು.

ಇಂತಹ ಕಾನೂನು ಪಂಡಿತರು ನೆರೆಹೊರೆಯ ದೇಶಗಳ ಭದ್ರತೆಯ ಪ್ರಶ್ನೆಗಳಿಗೆ ಬಂದದ್ದು ಹೇಗೆ? ನಮ್ಮ ದೃಷ್ಟಿಯಲ್ಲಿ ಅದರ ಆರಂಭ ಸಿಂಧೂ ನದಿಯಲ್ಲಿದೆ. ಪಂಜಾಬಿನ ಯೋಜನೆಗಳಿಂದ ತನ್ನ ಪಾಲಿನ ನೀರಿಗೆ ಕುತ್ತು ಬರುವುದೆಂದು ಸಿಂಧ್ ಪ್ರಾಂತ್ಯ ದೂರಿತ್ತು. ಅದರ ವಿಚಾರಣೆಗಾಗಿ 1941ರಲ್ಲಿ ನೇಮಕಗೊಂಡ ಆಯೋಗಕ್ಕೆ ರಾಯರೇ ಅಧ್ಯಕ್ಷರು. ಕೃಷ್ಣಾ, ಕಾವೇರಿಗಳ ವ್ಯಾಜ್ಯಗಳನ್ನು ಕೇಳುತ್ತಲೇ ಬೆಳೆದ ನಮಗೆ ಮೇಲಿನವರ ಹಕ್ಕು, ಕೆಳಗಿನವರ ಅಳಲು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆರೇ ವರ್ಷಗಳಲ್ಲಿ ದೇಶ ವಿಭಜನೆಯಾಗಿ, ಪ್ರಾಂತ್ಯಗಳ ಆ ಜಗಳ ಎರಡು ರಾಷ್ಟ್ರಗಳ ಜಗಳವಾಯಿತು. 1944-45ರಲ್ಲಿ ರಾಯರು ಜಮ್ಮು-ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು. 1950ರ ಆರಂಭದಲ್ಲಿ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಭಾರತದ ವಾದ ಮಂಡಿಸಿದವರೂ ಅವರೇ. ನಡುವೆ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ ದುಡಿದು, ನೆರೆಯ ಬರ್ಮಾದ ಸಂವಿಧಾನ ರಚನೆಗೂ ನೆರವಾದರು.

ಇನ್ನು ಕೊರಿಯಾದ ವಿಷಯ. 1945ರಲ್ಲಿ ಜಪಾನ್ ಶರಣಾದಾಗ ಆ ದೇಶವನ್ನು 38ನೆಯ ಅಕ್ಷಾಂಶ ರೇಖೆಯಲ್ಲಿ ಇಬ್ಭಾಗ ಮಾಡಿ, ಉತ್ತರವನ್ನು ಸೋವಿಯತ್ ಸೇನೆಯೂ ದಕ್ಷಿಣವನ್ನು ಅಮೆರಿಕದ ಸೇನೆಯೂ ವಹಿಸಿಕೊಂಡಿದ್ದವು. 1950ರ ಜೂನ್ 25ರಂದು ಉತ್ತರದ ಪಡೆಗಳು ಆ ರೇಖೆಯನ್ನು ದಾಟಿ ದಕ್ಷಿಣಕ್ಕೆ ನುಗ್ಗಿದವು. ಭದ್ರತಾ ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಬ್ಬರಂತೆ ಸರದಿಯಲ್ಲಿ ಬರುವಂಥದು. ಆ ತಿಂಗಳು ಭಾರತದ ಸರದಿ. ಕಮ್ಯುನಿಸ್ಟ್ ಚೀನಾಕ್ಕೆ ಸ್ಥಾನ ಕೊಡಲಿಲ್ಲವೆಂದು ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗಳನ್ನು ಬಹಿಷ್ಕರಿಸಿದ್ದರಿಂದ ವೀಟೋ ಚಲಾಯಿಸುವವರಿರಲಿಲ್ಲ. ಹೋರಾಟ ನಿಲ್ಲಿಸಿ ಹಿಂದೆ ಸರಿಯಬೇಕೆಂದು ಉತ್ತರ ಕೊರಿಯಾವನ್ನು ಒತ್ತಾಯಿಸುವ ನಿರ್ಣಯ 9 ಮತಗಳಿಂದ ಅಂಗೀಕಾರವಾಯಿತು. ಭಾರತವೂ ಪರವಾಗಿ ಮತ ನೀಡಿತು.

ಕಷ್ಟ ಎದುರಾದದ್ದು ಎರಡು ದಿನಗಳ ಅನಂತರ. ದಕ್ಷಿಣ ಕೊರಿಯಾಕ್ಕೆ ಸೈನಿಕ ನೆರವು ನೀಡಬೇಕೆಂದು ಸದಸ್ಯ ರಾಷ್ಟ್ರಗಳನ್ನು ಕೋರುವ ನಿರ್ಣಯ ಜೂನ್ 27ರಂದು ಮುಂದೆ ಬಂತು. ಅಮೆರಿಕ ತನ್ನ ವಿಮಾನ, ನೌಕಾಬಲಗಳ ನೆರವನ್ನು ಅದಾಗಲೇ ಘೋಷಿಸಿಬಿಟ್ಟಿತ್ತು. ದೆಹಲಿಯಿಂದ ಮಾತ್ರ ಸೂಚನೆ ಬಂದಿರಲಿಲ್ಲ. ಸಭೆ ರಾತ್ರಿಯವರೆಗೆ ಎಳೆಯಿತು. ಆದರೂ ಸೂಚನೆ ಇಲ್ಲ. ರಾಯರು ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ ಎಂಬಂತೆ ಮತದಾನದಲ್ಲಿ ಭಾಗವಹಿಸದೆ ಉಳಿದರು. ಈಜಿಪ್ಟಿನ ಪ್ರತಿನಿಧಿಯದೂ ಅದೇ ಸ್ಥಿತಿ. ನಿರ್ಣಯ 7 ಮತಗಳಿಂದ ಗೆದ್ದಿತು. ಭಾರತ ಅದಕ್ಕೆ ಒಪ್ಪಿಗೆ ಸೂಚಿಸಿದ್ದು ಜೂನ್ 29ರಂದು. ಹೋರಾಡುವ ಸೈನ್ಯವನ್ನು ಕಳುಹಿಸಲಿಲ್ಲ; ಕಳುಹಿಸಿದ್ದು ಲೆಫ್ಟಿನೆಂಟ್ ಕರ್ನಲ್ ರಂಗರಾಜ್ ನೇತೃತ್ವದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಪಡೆಯನ್ನು.

ಇದನ್ನು ಅಳುಕು ಎಂದು ಹಂಗಿಸುವವರು ಆಗಲೂ ಇದ್ದರು. ನಾವು ಹಾಗೆ ಎಣಿಸುವುದಿಲ್ಲ. ಅಧಿಕಾರ ಪತ್ರವಿಲ್ಲದೆ ಸಹಿ ಹಾಕಬಾರದೆಂಬುದು ಗುಮಾಸ್ತಿಕೆಯ ನಿಯಮವೆಂದು ಯಾರಾದರೂ ನಗಬಹುದು; ಆದರೆ ಇಲ್ಲಿ ಸಹಿಯ ಹಿಂದೆ ಇದ್ದದ್ದು ಒಂದು ದೇಶದ ಮಾತು.

ಸೆಪ್ಟೆಂಬರ್ ವೇಳೆಗೆ ಯುದ್ಧದ ಗತಿ ತಿರುಗಿ, ವಿಶ್ವಸಂಸ್ಥೆಯ ಪಡೆಗಳು ಉತ್ತರದತ್ತ ನಡೆದವು. ಅಮೆರಿಕದ ಸೇನೆ 38ನೆಯ ರೇಖೆ ದಾಟಿದರೆ ಚೀನಾ ಸುಮ್ಮನಿರದೆಂದು ಪೆಕಿಂಗಿನಲ್ಲಿದ್ದ ನಮ್ಮ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರಿಗೆ ಪ್ರಧಾನಿ ಚೌ ಎನ್-ಲಾಯ್ ಅಕ್ಟೋಬರ್ ಆರಂಭದ ಒಂದು ಮಧ್ಯರಾತ್ರಿ ತಿಳಿಸಿದರು. ರೇಖೆ ದಾಟುವುದರ ಅಪಾಯವನ್ನು ರಾಯರು ವಿಶ್ವಸಂಸ್ಥೆಯಲ್ಲಿ ಎತ್ತಿ ಹೇಳಿದರು. ಯಾರೂ ಕಿವಿಗೊಡಲಿಲ್ಲ. ಅಕ್ಟೋಬರ್ 7ರಂದು ಮಹಾಸಭೆ ಕೊರಿಯಾದ ಏಕೀಕರಣದ ನಿರ್ಣಯವನ್ನು ಭಾರತದ ಬೆಂಬಲವಿಲ್ಲದೆಯೇ ಅಂಗೀಕರಿಸಿತು. ಅದೇ ತಿಂಗಳು ಚೀನೀ ಪಡೆಗಳು ಯಾಲು ನದಿಯನ್ನು ದಾಟಿ ಬಂದವು. ಕೆಲವು ತಿಂಗಳಲ್ಲಿ ಮುಗಿಯಬಹುದಾಗಿದ್ದ ಯುದ್ಧ ಮೂರು ವರ್ಷ ನಡೆಯಿತು.

ಅಷ್ಟಾದರೂ ರಾಯರು ಕೈಚೆಲ್ಲಲಿಲ್ಲ. ಡಿಸೆಂಬರಿನಲ್ಲಿ ಏಷ್ಯಾ ಮತ್ತು ಅರಬ್ ರಾಷ್ಟ್ರಗಳು 13 ಒಟ್ಟುಗೂಡಿ ಮಂಡಿಸಿದ ಪ್ರಸ್ತಾವದಲ್ಲಿ ಅವರದು ಮುಖ್ಯ ಪಾತ್ರ. ಅದರ ಫಲವಾಗಿ ಡಿಸೆಂಬರ್ 14ರಂದು ಮೂವರ ಕದನವಿರಾಮ ಸಮಿತಿ ರಚನೆಯಾಯಿತು: ಮಹಾಸಭೆಯ ಅಧ್ಯಕ್ಷರಾಗಿದ್ದ ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಮತ್ತು ನಮ್ಮ ರಾಯರು. ಪೆಕಿಂಗಿನಿಂದ ಬಂದಿದ್ದ ನಿಯೋಗದೊಡನೆ ರಾಯರು ಮಾತುಕತೆ ನಡೆಸಿದರು. ಮೊದಲು ಕದನವಿರಾಮ, ಬಳಿಕ ಹಂತಹಂತವಾಗಿ ವಿದೇಶೀ ಸೇನೆಗಳ ನಿರ್ಗಮನ, ಕೊನೆಗೆ ದೂರಪ್ರಾಚ್ಯದ ಸಮಸ್ಯೆಗಳ ಕುರಿತು ದೊಡ್ಡ ರಾಷ್ಟ್ರಗಳ ಸಮ್ಮೇಳನ, ಇದು ಸಮಿತಿ ಮುಂದಿಟ್ಟ ದಾರಿ. 1951ರ ಜನವರಿ 17ರಂದು ಚೀನಾ ಅದನ್ನು ತಿರಸ್ಕರಿಸಿತು. ಫೆಬ್ರವರಿ 1ರಂದು ಮಹಾಸಭೆ ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸಿದಾಗ ಭಾರತ ವಿರೋಧವಾಗಿ ಮತ ಹಾಕಿತು. ಸಂಧಾನದ ಬಾಗಿಲು ಮುಚ್ಚಿಹೋಗುತ್ತದೆಂಬುದು ನಮ್ಮವರ ಆತಂಕವಾಗಿತ್ತು. ಎರಡೂ ಕಡೆಯವರು ರಾಯರೊಡನೆ ಮಾತನಾಡಿದರು. ಇಬ್ಬರೂ ಅವರು ಹೇಳಿದಂತೆ ನಡೆಯಲಿಲ್ಲ.

1952ರಲ್ಲಿ ರಾಯರು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ತೆರಳಿದರು. ಕೊರಿಯಾದಲ್ಲಿ ಕದನವಿರಾಮವಾದದ್ದು 1953ರ ಜುಲೈ 27ರಂದು. ಗಡಿ ಹೆಚ್ಚುಕಡಿಮೆ ಮೊದಲಿದ್ದಲ್ಲಿಯೇ ನಿಂತಿತು. ಸ್ವದೇಶಕ್ಕೆ ಮರಳಲೊಪ್ಪದ ಸುಮಾರು 23 ಸಾವಿರ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರು ಅಧ್ಯಕ್ಷರಾದರು. ಕೈದಿಗಳ ಕಾವಲಿಗೆ ಹೋದ ಭಾರತೀಯ ಪಡೆಯ ನಾಯಕರು ನಮ್ಮ ಮಹಾರಾಷ್ಟ್ರದವರೇ ಆದ ಮೇಜರ್ ಜನರಲ್ ಥೋರಾತ್. ಅವರಿಬ್ಬರೂ ಕೊರಿಯಾದಲ್ಲಿ ಆ ಕೆಲಸದಲ್ಲಿ ತೊಡಗಿದ್ದಾಗಲೇ, ನವೆಂಬರ್ 30ರಂದು, ನರಸಿಂಗ ರಾಯರು ಜ್ಯೂರಿಕ್ ನಗರದಲ್ಲಿ ನಿಧನರಾದರು. ಸಂವಿಧಾನ ಕುರಿತ ಅವರ ಬರಹಗಳನ್ನು ತಮ್ಮ ಶಿವ ರಾಯರು 1960ರಲ್ಲಿ ಸಂಪಾದಿಸಿ ಹೊರತಂದರು.